ಚಹಾ ಆರುವವರೆಗೆ ಒಂದು ಪುಟ

ಮಾರ್ಚ್ 3, ಸೋಮವಾರ. ಬೆಳಿಗ್ಗೆ

ಸುರಿದಾಯಿತು. ಮಗ್ ಎದುರಿಗಿದೆ. ಮುಟ್ಟುವ ಹಾಗಿಲ್ಲ.

ಹಸು ಕರೆದು ಈಗ ತಾನೇ ಬಂದೆ. ಚಹಾದ ಮೇಲೆ ಗುಳ್ಳೆ ಇನ್ನೂ ಒಡೆಯುತ್ತಿದೆ. ಅದು ನನ್ನನ್ನು ನೋಡುತ್ತಿದೆ, ನಾನು ಅದನ್ನು. ಹೊಸದಾಗಿ ಮದುವೆಯಾದವರ ಹಾಗೆ.

ಈ ಪುಸ್ತಕ ಮಗಳು ಕೊಟ್ಟದ್ದು. ಚೆಲಿಮೊ. ಕೆಳಗಿನ ಡಿಸ್ಪೆನ್ಸರಿಯಲ್ಲಿ ಕೆಲಸ. ಮೂರು ದಿನ ಟ್ರೇನಿಂಗಿಗೆ ಹೋಗಿ ಬಂದವಳೇ ಮನೆಯಲ್ಲಿ ಕಾನೂನು ತಂದಳು.

"ಅಪ್ಪಾ, ಕುದಿಯೋ ಚಹಾ ಗಂಟಲಿಗೆ ಸುರ್ಕೊಳ್ಳೋದು ಇವತ್ತಿಗೆ ಸಾಕು. ದಿನಾ ಸುಟ್ಟು ಸುಟ್ಟು, ಸುಟ್ಟ ಜಾಗದಲ್ಲೇ ಕ್ಯಾನ್ಸರ್ ಬರೋದು ಜಾಸ್ತಿಯಂತೆ. ದೊಡ್ಡಪ್ಪನ್ನ ನೋಡಿಲ್ವಾ ನೀನು?"

"ಚಹಾ ಬೆಳೆಯೋನು ಚಹಾ ಬಿಡಬೇಕಾ? ಮೀನಿಗೆ ನೀರು ಬಿಡು ಅಂದ ಹಾಗಾಯ್ತು."

"ಬಿಡು ಅಂದೆನಾ? ಸ್ವಲ್ಪ ಕಾಯಿ ಅಂದೆ. ಮಗ್ಗಿಗೆ ಸುರ್ಕೋ, ಒಂದು ಪುಟ ಬರಿ, ಆಮೇಲೆ ಕುಡಿ. ಯಾರೂ ಓದಲ್ಲ."

ಗಡಿಯಾರ ಕೊಟ್ಟರೆ ಅಪ್ಪ ಮುಳ್ಳು ತಿರುಗಿಸುತ್ತಾನೆ ಅಂತ ಅವಳಿಗೆ ಗೊತ್ತು. ನಾನು ಓದಿದ್ದು ನಾಲ್ಕನೇ ಕ್ಲಾಸು. ಒಂದು ಪುಟಕ್ಕೆ ಇಷ್ಟು ಹೊತ್ತು ಬೇಕು. ಕಾಲೇಜು ಓದಿದವನಾಗಿದ್ದರೆ ನಾಲಿಗೆ ಸುಟ್ಟುಕೊಳ್ಳುತ್ತಿದ್ದೆ. ಓದದೇ ಇದ್ದದ್ದು ಕೊನೆಗೂ ಉಪಯೋಗಕ್ಕೆ ಬಂತು.

ಪುಟ ಮುಗಿಯಿತು. ಕುಡಿಯುತ್ತೇನೆ.

ಮಾರ್ಚ್ 4. ಬೆಳಿಗ್ಗೆ

ಮಂಜು ಇಳಿದಿದೆ. ಚಹಾ ಗಿಡ ಒಂದೂ ಕಾಣುವುದಿಲ್ಲ. ಗುಡ್ಡ ಇಡೀ ಯಾರದೋ ದೊಡ್ಡ ಮಗ್ಗಿನ ಒಳಗೆ ಕೂತ ಹಾಗೆ. ಮೇಲೆ ಯಾರೋ ಊದುತ್ತಿದ್ದಾರೆ, ಆರಲಿ ಅಂತ.

ನನ್ನ ಹೆಸರು ಅರಾಪ್ ಮೊಸೊನಿಕ್, ಅಂದರೆ ಮೊಸೊನಿಕ್‌ನ ಮಗ. ಈ ಬೊಮೆಟ್ ಕಡೆ ಹಾಗಂದರೆ ಯಾರಿಗೂ ತಿಳಿಯುವುದಿಲ್ಲ. 'ಕುದಿ ಮೊಸೊನಿಕ್' ಅನ್ನಬೇಕು. ಎಡ್ನಾಳ ಹೋಟೆಲಿನಲ್ಲಿ ಒಲೆಯಿಂದ ಇಳಿಸಿದ ಚಹಾವನ್ನು ಊದದೆ, ಮಗ್ ಕೆಳಗಿಡದೆ ಕುಡಿದು ಮುಗಿಸುವವನು ಈ ಸೀಮೆಗೆ ನಾನೊಬ್ಬನೇ. ಚಹಾ ಸೊಪ್ಪು ತೂಗುವ ಶೆಡ್ಡಿಗೆ ಹೊಸಬರು ಬಂದರೆ ನನ್ನನ್ನು ತೋರಿಸುತ್ತಾರೆ. ಬೇರೆ ಊರಲ್ಲಿ ಜಲಪಾತ ತೋರಿಸುವ ಹಾಗೆ.

ನನಗಿಂತ ಮುಂಚೆ ಅಣ್ಣ ಇದ್ದ. ಕಿಪ್ಲೆಲ್. ನನ್ನ ಮಗ್ಗಿನಲ್ಲಿ ಅರ್ಧ ಇರುವಾಗ ಅವನು ಮಗ್ ಬೋರಲು ಹಾಕಿ ನಗುತ್ತಿದ್ದ. ಮೂರು ವರ್ಷದ ಹಿಂದೆ ಮುದ್ದೆ ಇಳಿಯುವುದಿಲ್ಲ ಅಂದ. ಆಮೇಲೆ ಗಂಜಿ ಇಳಿಯುವುದಿಲ್ಲ ಅಂದ. ಆಮೇಲೆ ಏನೂ ಅನ್ನಲಿಲ್ಲ.

ಅವನನ್ನು ಒಂದೇ ಒಂದು ಸಲ ಗೆದ್ದಿದ್ದೇನೆ. ಅದನ್ನು ಇವತ್ತು ಬರೆಯುವುದಿಲ್ಲ.

ಮಾರ್ಚ್ 7. ಸಂಜೆ ನಾಲ್ಕು

ಯಾರೂ ಓದುವುದಿಲ್ಲ ಅಂದಳಲ್ಲ. ಹಾಗಾದರೆ ಬರೆಯುತ್ತೇನೆ.

ಜನವರಿಯಿಂದ ನನಗೂ ಮುದ್ದೆ ಸಿಕ್ಕಿಕೊಳ್ಳುತ್ತಿದೆ. ಎಲ್ಲ ತುತ್ತೂ ಅಲ್ಲ. ಹತ್ತರಲ್ಲಿ ಒಂದು. ಎದೆಯ ನಡುವೆ ನಿಂತುಬಿಡುತ್ತದೆ, ಬಾಡಿಗೆ ಕೊಡದೆ ಕೂತವನ ಹಾಗೆ. ಎರಡು ಗುಟುಕು ಚಹಾ ಕುಡಿದರೆ ಎದ್ದು ಹೋಗುತ್ತದೆ. ಹೆಂಡತಿ ತಪ್‌ಲೆಲೆಯ್ ಕೇಳಿದಳು, "ಯಾಕೆ ಎದೆ ಉಜ್ಕೋತೀರಾ?" ನಿನ್ನ ಮೇಲಿನ ಪ್ರೀತಿ ಅಲ್ಲಿ ಕಚ್ಚಿಕೊಂಡಿದೆ ಅಂದೆ. ಸೌಟು ಎತ್ತಿದಳು.

ನಿನ್ನೆ ಮಧ್ಯಾಹ್ನ ಕೊಯ್ಲು ಮುಗಿಸಿ ಬುಟ್ಟಿಗೆ ಒರಗಿದ್ದೆ. ಕಣ್ಣು ಹತ್ತಿತು. ಅಣ್ಣ ಬಂದ. ಇಬ್ಬರ ನಡುವೆ ಒಂದು ಮಗ್. ಹಬೆ ಎಷ್ಟು ದಟ್ಟ ಅಂದರೆ ಅವನ ಮುಖ ಕಾಣಲಿಲ್ಲ, ಹಲ್ಲಿನ ನಡುವಿನ ಸಂದು ಮಾತ್ರ ಕಂಡಿತು. ನಗುತ್ತಿದ್ದ. ಹಬೆ ತಿಳಿಯಾದ ಹಾಗೆ ಅವನೂ ತಿಳಿಯಾದ. ಎಚ್ಚರವಾದಾಗ ಕೈ ಮಗ್ ಹಿಡಿದ ಹಾಗೇ ಇತ್ತು. ಬೆರಳ ನಡುವೆ ಗಾಳಿ.

ಚೆಲಿಮೊಗೆ ಹೇಳುವುದಿಲ್ಲ. ಅವಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದಾರೆ. ಗಂಟಲು ಕೆಟ್ಟ ಮಾವ ಯಾರಿಗೆ ಬೇಕು.

ಮಾರ್ಚ್ 12. ಬೆಳಿಗ್ಗೆ

ಇವತ್ತು ಮರ್ಯಾದೆ ಹೋಯಿತು.

ಚೆಲಿಮೊ ಡಿಸ್ಪೆನ್ಸರಿಯಿಂದ ಉದ್ದದ ಕಡ್ಡಿ ಥರ್ಮಾಮೀಟರ್ ತಂದಿದ್ದಳು. ಪುಟ ಬರೆದು ಮುಗಿಸಿ, ಮಗ್ ಎತ್ತಿದೆ. ತಡೆದಳು. ಕಡ್ಡಿ ಅದ್ದಿದಳು. ಕಣ್ಣು ದೊಡ್ಡದಾಯಿತು.

"ಅಪ್ಪಾ! ಎಪ್ಪತ್ತೆಂಟು ಡಿಗ್ರಿ! ಇದು ಒಲೆ ಮೇಲಿದೆಯಾ, ಮೇಜಿನ ಮೇಲಿದೆಯಾ? ನೀನು ಬರೆದ್ಯಾ ಇಲ್ವಾ?"

"ದೇವರಾಣೆ ಬರೆದಿದೀನಿ. ನೋಡು, ಎರಡು ಕಡೆ ಹೊಡೆದೂ ಹಾಕಿದೀನಿ."

ಆಗ ಸಿಕ್ಕಿತು. ತಟ್ಟೆ! ನಾನು ಬರೆಯಲು ತಲೆ ಬಗ್ಗಿಸಿದ ಕೂಡಲೇ ತಪ್‌ಲೆಲೆಯ್ ಮಗ್ಗಿನ ಮೇಲೆ ತಟ್ಟೆ ಮುಚ್ಚುತ್ತಾಳೆ. ದಿನಾ. ಚಹಾದಲ್ಲಿ ಹಾಲಿದೆ, ಅದರ ಮೇಲೆ ಹೊರಗಿನವರ ಕಣ್ಣು ಬಿದ್ದರೆ ಹಸು ಬತ್ತುತ್ತದಲ್ಲ. ದಾರಿಯಲ್ಲಿ ಹೋಗುವವರೆಲ್ಲ ಬೇಲಿ ಮೇಲಿಂದ ನಮ್ಮ ಮೇಜು ನೋಡುತ್ತಾರೆ. ನನ್ನ ಅಮ್ಮ ಮುಚ್ಚುತ್ತಿದ್ದಳು, ಇವಳೂ ಮುಚ್ಚುತ್ತಾಳೆ. ಅಷ್ಟು ದಿನ ನಾನು ಕಾದಿದ್ದು, ಚಹಾ ಬೆಚ್ಚಗೆ ಹೊದ್ದು ಮಲಗಿದ್ದು.

"ಅಮ್ಮಾ, ಹಸು ಬತ್ತಬಾರದು ಅಂತ ಅಪ್ಪನ್ನ ಬೇಯಿಸ್ತಿದೀಯಲ್ಲೇ!"

ತಪ್‌ಲೆಲೆಯ್ ನನ್ನ ಮೇಲೆ ಕಣ್ಣು ಹಾಯಿಸಿದಳು. "ಹಸು ಹಾಲಾದ್ರೂ ಕೊಡುತ್ತೆ."

ಇವತ್ತಿನಿಂದ ತಟ್ಟೆ ಇಲ್ಲ. ಮೇಜನ್ನು ಬೇಲಿಯಿಂದ ಈಚೆಗೆ, ಕೋಳಿ ಗೂಡಿನ ಹಿಂದಕ್ಕೆ ಎಳೆದೆವು. ಈಗ ಕೋಳಿಗಳು ನೋಡುತ್ತವೆ. ಅವುಗಳ ಕಣ್ಣಿಗೆ ಅಷ್ಟು ವಿಷ ಇಲ್ಲವಂತೆ.

ಊಟಕ್ಕೂ ಕಾನೂನು ಬಂತು. ಕರಕಲಾದ ಮಾಂಸ ಕೆರೆದು ತಿನ್ನಬೇಕು. ಗಣಿಕೆ ಸೊಪ್ಪು ದಿನಾ. ಬೆಣ್ಣೆಹಣ್ಣು, ಪಪ್ಪಾಯಿ. ಮುದ್ದೆ ಚಿಕ್ಕದು, ಸೊಪ್ಪು ದೊಡ್ಡದು. ಒಟ್ಟಿನಲ್ಲಿ ಹಸುವಿನ ಜೊತೆ ಒಂದೇ ಗೋದಲಿಯಲ್ಲಿ ನಿಲ್ಲಬೇಕು. ಮಾಡುತ್ತೇನೆ. ಗಣಿಕೆ ಸೊಪ್ಪಿಗೆ ಕೆನೆ ಹಾಕಿ ಬೇಯಿಸಿದರೆ ಸುಲಭವಾಗಿ ಇಳಿಯುತ್ತದೆ, ನಿಜ.

ಮಾರ್ಚ್ 30, ಭಾನುವಾರ

ಪುಸ್ತಕ ಹಾಸಿಗೆ ಕೆಳಗಿತ್ತು. ನಾನೇ ಇಟ್ಟದ್ದು.

ಹದಿನೈದರಂದು ಸೊಪ್ಪು ತೂಗಿ ಎಡ್ನಾಳ ಹೋಟೆಲಿಗೆ ಹೋಗಿದ್ದೆ. ಸುಮ್ಮನೆ ಕೂರಲು. ಒಬ್ಬ ಲಾರಿ ಡ್ರೈವರ್ ಇದ್ದ, ಎಲ್ಗಾನ್ ಬೆಟ್ಟದ ಕಡೆಯವನು.

"ಇವನಾ ಕುದಿ ಮೊಸೊನಿಕ್? ಮಗ್ ಮುಂದೆ ಇಟ್ಕೊಂಡು ಪಾದ್ರಿ ಥರ ಕಾಯ್ತಾ ಕೂತಿದಾನಲ್ಲ. ಪ್ರಾರ್ಥನೆ ಮುಗೀತಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುತ್ತಲೇ ಎತ್ತಿ ಕುಡಿದೆ. ಪೂರ್ತಿ. ಮಗ್ ಬೋರಲು ಹಾಕಿದೆ. ಕೈ ತಟ್ಟಿದರು. ಎಷ್ಟು ಚೆನ್ನಾಗಿತ್ತು ಅಂದರೆ… ಹತ್ತು ವರ್ಷ ಚಿಕ್ಕವನಾದ ಹಾಗೆ. ಅಣ್ಣ ಪಕ್ಕದ ಬೆಂಚಿನಲ್ಲಿ ಕೂತ ಹಾಗೆ.

ಆಮೇಲೆ ದಿನಾ ಹೋದೆ. ಮನೆಯಲ್ಲಿ ಆರಿದ ಚಹಾ, ಹೋಟೆಲಿನಲ್ಲಿ ಕುದಿಯುವ ಚಹಾ. ಎರಡು ಸಂಸಾರ.

ಇವತ್ತು ಮಧ್ಯಾಹ್ನ ಊಟದಲ್ಲಿ ತುತ್ತು ನಿಂತಿತು. ಚಹಾ ಕುಡಿದೆ, ಎದ್ದು ಹೋಗಲಿಲ್ಲ. ಚಹಾವೇ ವಾಪಸ್ ಬಂತು. ಕಣ್ಣಲ್ಲಿ ನೀರು. ಚೆಲಿಮೊ ನೋಡಿದಳು. ತಮಾಷೆ ಮಾಡೋಣ ಅಂತ ಬಾಯಿ ತೆಗೆದೆ. ಒಂದೂ ಸಿಗಲಿಲ್ಲ. ಐವತ್ತೆರಡು ವರ್ಷದಲ್ಲಿ ಮೊದಲ ಸಲ.

"ಯಾವಾಗಿಂದ ಅಪ್ಪಾ?"

"ಜನವರಿಯಿಂದ."

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎದ್ದು ಹೋಗಿ ಪುಸ್ತಕ ಹುಡುಕಿ ತಂದು ಮುಂದಿಟ್ಟಳು. ಪೆನ್ನಿನ ಮುಚ್ಚಳ ಕೂಡ ಅವಳೇ ತೆಗೆದಳು.

ಏಪ್ರಿಲ್ 9. ಸಂಜೆ

ದೊಡ್ಡ ಆಸ್ಪತ್ರೆಗೆ ಹೋಗಿ ಬಂದೆವು. ಗಂಟಲೊಳಗೆ ಕ್ಯಾಮೆರಾ ಇರುವ ಟ್ಯೂಬ್ ಬಿಡುತ್ತಾರೆ. ಮೊದಲು ಕಹಿ ಔಷಧಿ ಹೊಡೆದು ಗಂಟಲು ಜೋಮು ಹಿಡಿಸುತ್ತಾರೆ. ಒಳಗೆ ಹೋದವನಿಗೆ ಹಾದಿ ಸಿಗದಿದ್ದರೆ ಎಡ್ನಾಳ ಹೋಟೆಲಿನ ಹತ್ತಿರ ಬಲಕ್ಕೆ ತಿರುಗಲು ಹೇಳಿ ಅಂದೆ. ನರ್ಸ್ ನಕ್ಕಳು. ಡಾಕ್ಟರ್ ನಗಲಿಲ್ಲ, ಹುಡುಗಿ ಡಾಕ್ಟರ್, ಕೆಲಸದಲ್ಲಿದ್ದಳು.

ಆಮೇಲೆ ಕೂರಿಸಿ ಹೇಳಿದಳು. "ಒಳಗೆ ತುಂಬಾ ಕೆಂಪಗಾಗಿದೆ. ಒಂದು ಕಡೆ ತೇಪೆ ಹಾಕಿದ ಹಾಗೆ ಕಾಣುತ್ತೆ. ಗಡ್ಡೆ ಅಂತೂ ಕಾಣ್ಲಿಲ್ಲ. ಚೂರು ತೆಗೆದು ಲ್ಯಾಬಿಗೆ ಕಳಿಸಿದೀವಿ. ಮೇ ಏಳಕ್ಕೆ ಬನ್ನಿ. ಅಲ್ಲೀವರೆಗೂ ಬಿಸಿ ಬೇಡ. ಕೆಟ್ಟದಾಗದೆ ಇರೋದು ಅರ್ಧ ನಿಮ್ಮ ಕೈಯಲ್ಲೂ ಇದೆ."

ತೇಪೆ. ಆ ಮಾತೇ ತಲೆಯಲ್ಲಿ ಸುತ್ತುತ್ತಿದೆ. ಅಮ್ಮ ನನ್ನ ಶಾಲೆ ಚಡ್ಡಿಗೆ ಹಾಕುತ್ತಿದ್ದಳಲ್ಲ, ಹಾಗೆ ಒಳಗೆ ಯಾರೋ ಕೂತು ಹೊಲಿದಿದ್ದಾರೆ.

ಬಸ್ಸಿನಲ್ಲಿ ಚೆಲಿಮೊ ನನ್ನ ಭುಜಕ್ಕೆ ತಲೆ ಇಟ್ಟು ಮಲಗಿದಳು. ಕಿಟಕಿಯಾಚೆ ಚಹಾ ತೋಟ ಹೋಗುತ್ತಲೇ ಇತ್ತು. ಹಸಿರು, ಹಸಿರು, ಹಸಿರು. ಇಷ್ಟು ಎಲೆಯಲ್ಲಿ ಒಂದೂ ಬಿಸಿಯಾಗಿ ಹುಟ್ಟುವುದಿಲ್ಲ. ಬಿಸಿ ನಾವು ಮಾಡುವುದು.

ಏಪ್ರಿಲ್ 24. ಬೆಳಿಗ್ಗೆ

ಶನಿವಾರ ಗಂಡಿನ ಕಡೆಯವರು ಬರುತ್ತಾರೆ. ಹುಡುಗ ಕಿಬೆಟ್, ಟ್ರ್ಯಾಕ್ಟರ್ ರಿಪೇರಿ ಮಾಡುತ್ತಾನೆ, ಒಳ್ಳೆಯವನು. ಮಾತಾಡುವವರು ಅವನ ದೊಡ್ಡಪ್ಪ ಅರಾಪ್ ಕೊಸ್ಕೆ. ಹಳೇ ಕಾಲದ ಮನುಷ್ಯ. ಮೂರು ಮನೆಯಲ್ಲಿ ಚಹಾ ಸರಿಯಿಲ್ಲ ಅಂತ ಎದ್ದು ಬಂದಿದ್ದಾನಂತೆ.

ತಪ್‌ಲೆಲೆಯ್ ಆಗಲೇ ಇರುವ ಮಗ್ಗನ್ನೆಲ್ಲ ತಿಕ್ಕಿ ಬೋರಲು ಹಾಕಿದ್ದಾಳೆ.

"ನೆಂಟರಿಗೆ ಆರಿದ ಚಹಾ ಕೊಡೋದು, 'ಬಂದ ದಾರಿ ಹಿಡೀರಿ' ಅನ್ನೋದು, ಎರಡೂ ಒಂದೇ. ಅವರಿಗೆ ಕುದಿಯೋದೇ ಕೊಡ್ತೀನಿ."

"ಕೊಡು. ಆದ್ರೆ ಯಜಮಾನ ಮೊದಲು ಕುಡೀಬೇಕಲ್ಲ. ನಾನು ಏನ್ ಮಾಡ್ಲಿ?"

ಅವಳು ಒಲೆ ಊದುತ್ತಾ ಕೂತಳು. ಆಮೇಲೆ ಬೆನ್ನು ತಿರುಗಿಸಿಕೊಂಡೇ ಹೇಳಿದಳು, "ಒಬ್ಬರನ್ನ ಕಳ್ಕೊಂಡಿದೀವಿ ಈ ಮನೇಲಿ. ಮದುವೆ ತಪ್ಪಿದ್ರೆ ತಪ್ಪಲಿ."

ಚೆಲಿಮೊ ಬೇರೆಯದೇ ಹೇಳಿದಳು. "ಒಂದೇ ದಿನ ಅಲ್ವಾ ಅಪ್ಪಾ… ಒಂದೇ ಮಗ್…" ಅಂದು, ಅಲ್ಲೇ ನಿಲ್ಲಿಸಿ, ಬಾಯಿ ಮುಚ್ಚಿಕೊಂಡು ಅತ್ತಳು. ಅವಳಿಗೆ ಕಿಬೆಟ್ ಅಂದರೆ ಎಷ್ಟು ಆಸೆ ಅಂತ ಆಗ ಗೊತ್ತಾಯಿತು.

ಈಗ ನಾನು ಬರೆಯುವುದು ಬೇಗ ಆಗುತ್ತಿದೆ. ಅಪಾಯ. ಪುಟ ಮುಗಿದರೂ ಚಹಾ ಬಿಸಿ ಇರುತ್ತದೆ. ಇವತ್ತಿನಿಂದ ಎರಡು ಪುಟ.

ಎರಡನೇ ಪುಟ. ಏನು ಬರೆಯಲಿ. ಕೋಳಿ ಬಂತು. ಕೋಳಿ ಹೋಯಿತು. ಕಾಯುವಾಗ ಮನುಷ್ಯನಿಗೆ ಒಂದು ಕಥೆ ಬೇಕು, ಇಲ್ಲದಿದ್ದರೆ ಕೈ ತಾನಾಗಿ ಮಗ್ಗಿಗೆ ಹೋಗುತ್ತದೆ.

ಕಥೆ ಬೇಕು!

ಏಪ್ರಿಲ್ 26, ಶನಿವಾರ. ಸಂಜೆ

ಹೋದರು. ಈಗ ಕೂತೆ. ಎಲ್ಲ ಬರೆಯುತ್ತೇನೆ.

ಕಿಬೆಟ್ ಸೇರಿ ಆರು ಜನ ಬಂದರು. ಅರಾಪ್ ಕೊಸ್ಕೆ ಟೋಪಿ ತೆಗೆಯದೆ ಕೂತ. ಒಣಗಿದ ಮನುಷ್ಯ, ಕೋಟು ಅವನಿಗಿಂತ ದಪ್ಪ. ತಪ್‌ಲೆಲೆಯ್ ಸುರಿದಳು. ಕುದಿಯುವ ಚಹಾ, ಏಳು ಮಗ್. ಹಬೆ ಎದ್ದಿತು, ಆಚೆಗಿರುವವರು ಮಸುಕಾದರು. ಎಲ್ಲರೂ ನನ್ನ ಕೈ ನೋಡಿದರು. ಕುದಿ ಮೊಸೊನಿಕ್ ಮೊದಲು ಎತ್ತಬೇಕು.

ಎದ್ದು ನಿಂತೆ.

"ನಮ್ಮ ಮನೇಲಿ ಒಂದು ಪದ್ಧತಿ. ಹೆಣ್ಣು ಕೇಳೋಕೆ ಬಂದೋರಿಗೆ ಚಹಾ ಸುರಿದ ಮೇಲೆ ಯಜಮಾನ ಒಂದು ಕಥೆ ಹೇಳಬೇಕು. ಕಥೆ ಮುಗಿಯೋಕೆ ಮುಂಚೆ ಮಗ್ ಮುಟ್ಟಿದ್ರೆ ಗಂಡಿನ ಕಡೆಯೋರು ಹೆಣ್ಣಿಗೆ ಕೊಡೋ ದನದ ಜೊತೆ ಒಂದು ಕಡಸು ಜಾಸ್ತಿ ಕೊಡಬೇಕು."

ಆರು ಕೈ ಮಗ್ಗಿನ ಹತ್ತಿರದಿಂದ ಬಿಲ ಸೇರಿದ ಇಲಿಗಳ ಹಾಗೆ ಮಾಯ.

ಅರಾಪ್ ಕೊಸ್ಕೆ ಕಣ್ಣು ಕಿರಿದು ಮಾಡಿದ. "ಯಾವ ಕಾಲದ ಪದ್ಧತಿ ಇದು?"

"ನಮ್ಮಜ್ಜನ ಕಾಲದ್ದು."

"ನಿಮ್ಮಜ್ಜ ನಮ್ಮಜ್ಜ ಒಟ್ಟಿಗೆ ದನ ಕಾದೋರು. ನಾನು ಕೇಳೇ ಇಲ್ಲ."

"ನಿಮ್ಮಜ್ಜ ಕಥೆ ಮುಗಿಯೋಕೆ ಮುಂಚೆ ಎದ್ದು ಹೋಗಿರಬೇಕು. ಅದಕ್ಕೇ ನಿಮ್ಮ ಹತ್ರ ಹೆಣ್ಣಿಲ್ಲ, ನಮ್ಮ ಹತ್ರ ಕೇಳೋಕೆ ಬಂದಿದೀರಾ."

ನಕ್ಕರು. ಅವನ ಮೀಸೆಯೂ ಸ್ವಲ್ಪ ಅಲುಗಿತು. ಶುರು ಮಾಡಿದೆ. ಆಲಿಕಲ್ಲು ಬಿದ್ದ ದಿನ ಸೊಪ್ಪು ತೂಗುವ ಕ್ಲಾರ್ಕ್ ತಕ್ಕಡಿ ತಟ್ಟೆಯನ್ನು ತಲೆ ಮೇಲಿಟ್ಟುಕೊಂಡು ಓಡಿದ್ದು. ತಪ್‌ಲೆಲೆಯ್‌ನ ಕೇಳಲು ಹೋದಾಗ ಅವಳ ಮನೆ ಕತ್ತೆ ನನ್ನ ಟೋಪಿ ತಿಂದದ್ದು. ಹೊಟ್ಟೆ ಹಿಡಿದು ನಕ್ಕರು. ಆದರೆ ಹಬೆ ಇನ್ನೂ ಏಳುತ್ತಿತ್ತು. ನನ್ನ ನಗುವ ಕಥೆ ಖಾಲಿಯಾಯಿತು. ಹಬೆಯ ಆಚೆ ಅಣ್ಣ ಕೂತ ಹಾಗೆ ಕಂಡಿತು. ಬಾಯಿ ತಾನಾಗಿ ಹೇಳಿತು. ಯಾರಿಗೂ ಹೇಳದ್ದು.

ಅಣ್ಣನ ಕೊನೆಯ ದಿನ. ಚಹಾ ಬೇಕು ಅಂದ. ಒಲೆಯಿಂದ ಇಳಿಸಿ ತಂದೆ. ಮಗ್ ಹಿಡಿದು ಮೂಸಿದ. ಒಂದು ಹನಿ ಇಳಿಯುವ ಹಾಗಿರಲಿಲ್ಲ. ವಾಪಸ್ ನನ್ನ ಕೈಗೆ ಕೊಟ್ಟ. "ನನ್ನ ಪಾಲಿಂದು ನೀನೇ ಕುಡಿ. ನಾನು ನೋಡ್ತೀನಿ." ನಾನು ಊದದೆ, ಕೆಳಗಿಡದೆ, ಪೂರ್ತಿ ಕುಡಿದೆ. ಅವನು ನಕ್ಕ. ಹಲ್ಲಿನ ಸಂದು ಕಾಣುವ ಹಾಗೆ. "ಈ ಸಲ ನೀನು ಗೆದ್ದೆ ಕಣೋ" ಅಂದ.

"ಅವತ್ತಿಂದ ಕುಡಿದಾಗೆಲ್ಲ ಅವನು ನೋಡ್ತಿದಾನೆ ಅಂತಲೇ ಕುಡಿದೆ. ಈಗ ನನಗೂ ತುತ್ತು ನಿಲ್ಲುತ್ತೆ. ಆಸ್ಪತ್ರೇಲಿ ಟ್ಯೂಬ್ ಹಾಕಿ ನೋಡಿದಾರೆ. ಮುಚ್ಚಿಟ್ಟು ನಿಮ್ಮ ಬೀಗ ಆಗೋಕೆ ನನಗಿಷ್ಟ ಇಲ್ಲ. ಕಥೆ ಮುಗೀತು. ಕುಡೀರಿ."

ಹಬೆ ನಿಂತಿತ್ತು. ನಾನು ಬೆರಳು ಅದ್ದಿ ನೋಡಿ, ಎತ್ತಿ ಕುಡಿದೆ. ಕಿಬೆಟ್ ಕುಡಿದ. ಅವನ ಹಿಂದೆ ಉಳಿದವರು. ಒಬ್ಬ ಮುದುಕ ತುಟಿ ಚಪ್ಪರಿಸಿ, "ಅರೆ, ಇದಕ್ಕೆ ರುಚಿ ಬೇರೆ ಇದೆಯಲ್ಲ! ಇಷ್ಟು ದಿನ ಬರೀ ಬಿಸಿ ಕುಡೀತಿದ್ದೆ" ಅಂದ.

ಅರಾಪ್ ಕೊಸ್ಕೆ ಮಗ್ ಮುಟ್ಟಲಿಲ್ಲ. ತಪ್‌ಲೆಲೆಯ್ ಆ ಮಗ್ಗನ್ನೇ ನೋಡುತ್ತಿದ್ದಳು. ಅವನು ಟೋಪಿ ತೆಗೆದ, ತೊಡೆ ಮೇಲಿಟ್ಟ, ಮತ್ತೆ ಹಾಕಿಕೊಂಡ. "ಹುಡುಗಿ ನಮಗೆ ಒಪ್ಪಿಗೆ" ಅಂದ. ಅಷ್ಟೇ. ಮಾಂಸ ಬಡಿಸಿದರೆ ಬೇಡ ಅಂದ. ಸಾರು ಕೂಡ ತುಟಿಗೆ ತಾಗಿಸಿ ಇಟ್ಟ.

ಚೆಲಿಮೊ ಒಳಗೆ ಹಾಡುತ್ತಿದ್ದಾಳೆ. ಅವನ ಮಗ್ ಇನ್ನೂ ಹಾಗೇ ಇದೆ, ಮೇಲೆ ಕೆನೆ ಕಟ್ಟಿದೆ. ನೋಡುತ್ತಾ ಕೂತಿದ್ದೇನೆ.

ಏಪ್ರಿಲ್ 29. ಬೆಳಿಗ್ಗೆ ಹತ್ತು

ಮಂಜಿನೊಳಗಿಂದ ಕೋಟು ಒಂದು ನಡೆದು ಬಂತು. ಹತ್ತಿರ ಬಂದಮೇಲೆ ಒಳಗೆ ಅರಾಪ್ ಕೊಸ್ಕೆ ಇದ್ದ. ಒಬ್ಬನೇ.

ಗಿಡದ ಸಾಲಿನಲ್ಲಿ ನಿಂತು ನಾನು ಚಿಗುರು ಕೀಳುವುದನ್ನು ನೋಡಿದ. ಅವನೂ ಎರಡು ಕಿತ್ತ. ನನ್ನ ಬುಟ್ಟಿಗೆ ಹಾಕಿದ.

"ಆ ಟ್ಯೂಬ್… ನೋವಾಗುತ್ತಾ?"

ಆಗ ತಿಳಿಯಿತು. ಮೂರು ಮನೆಯಲ್ಲಿ ಚಹಾ ಸರಿಯಿಲ್ಲ ಅಂತ ಎದ್ದು ಬಂದವನು. ಚಹಾ ಸರಿಯಾಗಿಯೇ ಇತ್ತು.

"ಎಷ್ಟು ದಿನದಿಂದ?"

"ಕ್ರಿಸ್‌ಮಸ್‌ನಿಂದ. ಮನೇಲಿ ಹಲ್ಲು ನೋವು ಅಂದಿದೀನಿ."

"ನಿಮಗೆ ಹಲ್ಲೆಲ್ಲಿದೆ?"

ನಕ್ಕ. ನಗುತ್ತಾ ನಗುತ್ತಾ ಗಿಡ ಹಿಡಿದುಕೊಂಡ. ನಾನು ಅವನ ಕೋಟು ಹಿಡಿದುಕೊಂಡೆ. ಮಂಜು ಇಬ್ಬರನ್ನೂ ಮುಚ್ಚಿತ್ತು. ಒಳ್ಳೆಯದಾಯಿತು.

ಏಳನೇ ತಾರೀಕು ಬನ್ನಿ, ಒಟ್ಟಿಗೆ ಹೋಗೋಣ ಅಂದೆ.

ಮೇ 7, ಬುಧವಾರ. ಆಸ್ಪತ್ರೆ ಬೆಂಚು

ಫ್ಲಾಸ್ಕಿನಿಂದ ಸುರಿದೆ. ಮುಚ್ಚಳದಲ್ಲಿ. ಈಗ ಬರೆಯುತ್ತಿದ್ದೇನೆ. ನನ್ನ ಲ್ಯಾಬ್ ಉತ್ತರ ಒಳಗೆ ಒಂದು ಕವರಿನಲ್ಲಿದೆ. ಅರಾಪ್ ಕೊಸ್ಕೆಗೆ ಇವತ್ತು ಟ್ಯೂಬ್. ಏನೂ ಕುಡಿಯುವ ಹಾಗಿಲ್ಲ. ಟೋಪಿ ತೊಡೆ ಮೇಲಿದೆ. ಅದರ ಅಂಚನ್ನು ಬೆರಳಲ್ಲಿ ಸುತ್ತುತ್ತಿದ್ದಾನೆ. ನನ್ನ ಅಕ್ಷರ ಇವತ್ತು ಗೆರೆ ಬಿಟ್ಟು ಹೋಗುತ್ತಿದೆ.

"ಏನ್ ಬರೀತೀಯಾ ಅಷ್ಟೊಂದು?"

"ನಿಮ್ಮ ಬಗ್ಗೆ."

"ಒಳ್ಳೇದು ಬರಿ."

"ಸುಳ್ಳು ಬರೆಯೋಕೆ ನಾಲ್ಕನೇ ಕ್ಲಾಸು ಸಾಲದು."

ಕಾರಿಡಾರಿನ ಕೊನೆಯ ಕಿಟಕಿಯಲ್ಲಿ ಬಿಸಿಲು. ಮುಚ್ಚಳದ ಹಬೆ ಅದರೊಳಗೆ ಹೋಗಿ ಸಣ್ಣಗೆ ತಿರುಗುತ್ತಿದೆ. ಅದರ ಆಚೆ ಯಾರೋ ಕೂತ ಹಾಗಿದೆ. ಇವತ್ತು ಪಂದ್ಯಕ್ಕೆ ಬಂದವನ ಹಾಗೆ ಕಾಣುವುದಿಲ್ಲ. ಸುಮ್ಮನೆ ಜೊತೆಗೆ ಕಾಯಲು ಬಂದವನ ಹಾಗೆ.

ಬೆರಳು ಅದ್ದಿದೆ. ಇನ್ನೂ ಬಿಸಿ.

"ಮೊಸೊನಿಕ್!" ಅಂತ ಕೂಗಿದರು. ಇನ್ನೊಂದು ಸಲ ಕೂಗಲಿ. ಮುಚ್ಚಳವನ್ನು ಅರಾಪ್ ಕೊಸ್ಕೆ ಕೈಗೆ ಕೊಟ್ಟೆ, ನೋಡ್ಕೊಳ್ಳಿ, ಚೆಲ್ಲಬೇಡಿ, ಕಥೆ ಇನ್ನೂ ಮುಗಿದಿಲ್ಲ ಅಂದೆ. ಎರಡು ಕೈಯಲ್ಲಿ ಹಿಡಿದುಕೊಂಡಿದ್ದಾನೆ, ಕೋಳಿಮರಿ ಹಿಡಿದ ಹಾಗೆ. ಒಳಗೆ ಹೋಗಿ ಬರುವಷ್ಟರಲ್ಲಿ ಸರಿಯಾಗಿ ಆರಿರುತ್ತದೆ. ಮತ್ತೆ ಕೂಗುತ್ತಿದ್ದಾರೆ. ಬಂದು ಕುಡಿದು, ಉಳಿದ ಅರ್ಧ ಪುಟ…